ಎಸ್-7ರ ಆಫೀಸರಮ್ಮ

ಚೆನ್ನೈನ ಬೆಸೆಂಟ್ ನಗರದ ನಮ್ಮ ಕಟ್ಟಡದಲ್ಲಿ ಕನ್ನಡದವರ ಮನೆ ಮೂರು. ಎರಡನೇ ಮಹಡಿಯಲ್ಲಿ ಬ್ಯಾಂಕಿನ ಕೆಲಸದ ನಾನು. ಒಂದನೇ ಮಹಡಿಯಲ್ಲಿ ವಿಮಾ ಕಂಪನಿಯ ಕೃಷ್ಣಪ್ರಸಾದರು. ಕೆಳಗೆ, ಗೇಟಿನ ಪಕ್ಕದಲ್ಲೇ, ಯಾರು ಬಂದರು ಯಾರು ಹೋದರು ಎಂಬುದನ್ನೆಲ್ಲ ನಾಲಿಗೆಯ ತುದಿಯಲ್ಲಿಟ್ಟುಕೊಂಡಿರುವ ಜಯಲಕ್ಷ್ಮಮ್ಮನವರು. ಮೂವರಲ್ಲಿ ಸುಳ್ಳು ಹೇಳುವ ಯೋಗ್ಯತೆ ಒಂದಿಷ್ಟೂ ಇಲ್ಲದವರೆಂದರೆ ಕೃಷ್ಣಪ್ರಸಾದರೇ. ಸುಳ್ಳು ಹೇಳಲು ಅಭ್ಯಾಸ ಬೇಕು. ಚಿಕ್ಕ ಚಿಕ್ಕದು ಹೇಳಿ ಕೈ ಪಳಗಿರಬೇಕು. ಅಭ್ಯಾಸವಿಲ್ಲದವರು ಒಮ್ಮೆಲೇ ದೊಡ್ಡದಕ್ಕೆ ಬಾಯಿ ಹಾಕುತ್ತಾರೆ. 2002ರ ಯುಗಾದಿಯ ದಿನ ಇವರು ಮಾಡಿದ್ದು ಅದನ್ನೇ.

ಅಂದು ಅಡ್ಯಾರಿನ ಬಾಡಿಗೆ ಹಾಲಿನಲ್ಲಿ ಕನ್ನಡ ಸಂಘದ ಹೋಳಿಗೆ ಊಟ. ಪಂಕ್ತಿಯಲ್ಲಿ ನನ್ನ ಎಡಕ್ಕೆ ಕೃಷ್ಣಪ್ರಸಾದರು, ಅವರ ಎಡಕ್ಕೆ ಜಯಲಕ್ಷ್ಮಮ್ಮ, ಎದುರಿಗೆ ಸಂಘದ ಅಧ್ಯಕ್ಷರಾದ ವಿಷ್ಣುತೀರ್ಥರು. ಜಯಲಕ್ಷ್ಮಮ್ಮ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಏನಪ್ಪಾ ಪ್ರಸಾದು, ನಿನ್ನ ಮಗಳು ಮಧುರಾ ವಾರಕ್ಕೆ ಎರಡು ಸಲ ಸಾಯಂಕಾಲ ಚೀಲ ತಗೊಂಡು ಹೊರಡ್ತಾಳೆ, ಮಾರನೇ ದಿನ ಕಳೆದ ಮೇಲೆ ಬರ್ತಾಳೆ. ಎಲ್ಲಿಗೆ ಹೋಗ್ತಾಳೆ? ಏನು ಮಾಡ್ತಿದಾಳೆ?" ಎಂದು ಇಡೀ ಪಂಕ್ತಿಗೆ ಕೇಳಿಸುವ ಹಾಗೆ ಕೇಳಿದರು.

ನಿಜ ಏನೆಂದರೆ, ಮಧುರಾ ಬಿ.ಎಸ್ಸಿ. ಮುಗಿಸಿ, ಬ್ಯಾಂಕಿನ ಪರೀಕ್ಷೆ ಬರೆಯೆಂದು ಅಪ್ಪ ಹೇಳಿದ್ದನ್ನು ಕೇಳದೆ, ಸಾಕ್ಷ್ಯಚಿತ್ರ ತೆಗೆಯುವ ಕೋರ್ಸಿಗೆ ಸೇರಿದ್ದಳು. ಕೊನೆಯ ಪರೀಕ್ಷೆಗೆ ಒಂದು ಚಿತ್ರ ತೆಗೆದು ತೋರಿಸಬೇಕು. ಅವಳು ಆರಿಸಿಕೊಂಡದ್ದು ಚೆನ್ನೈನಿಂದ ಮೈಸೂರಿಗೆ ಹೋಗುವ ರಾತ್ರಿ ಗಾಡಿ; ಅದರ ಎಸ್-7 ಸ್ಲೀಪರ್ ಬೋಗಿಯಲ್ಲಿ ಒಂದು ರಾತ್ರಿ ಜನ ಹೇಗೆ ಕಳೆಯುತ್ತಾರೆ ಎಂಬುದು. ಅಪ್ಪ ಮಗಳ ನಡುವೆ ಒಪ್ಪಂದವೂ ಆಗಿತ್ತು. ಈ ಚಿತ್ರ ಪಾಸಾದರೆ ಅವಳ ದಾರಿ ಅವಳದು. ಫೇಲಾದರೆ ಮರುದಿನದಿಂದ ಬ್ಯಾಂಕಿನ ಪರೀಕ್ಷೆಗೆ ಓದಬೇಕು.

ಇಷ್ಟನ್ನು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೃಷ್ಣಪ್ರಸಾದರು ಪಂಕ್ತಿಯ ಉದ್ದಕ್ಕೂ ಒಮ್ಮೆ ನೋಡಿದರು, ಗಂಟಲು ಸರಿಮಾಡಿಕೊಂಡರು, "ರೈಲ್ವೇನಲ್ಲಿ ಕೆಲಸ ಆಯ್ತು. ಆಫೀಸರು" ಎಂದುಬಿಟ್ಟರು. ಹೇಳಿದ ಮೇಲೆ ಗಾಬರಿಯಾಗಿ ಎಲೆಯಲ್ಲಿದ್ದ ಉಪ್ಪಿನಕಾಯಿಯನ್ನೆಲ್ಲ ಒಂದೇ ತುತ್ತಿಗೆ ತಿಂದರು.

ಮೇ ತಿಂಗಳಲ್ಲಿ ಚೆನ್ನೈನ ಕನ್ನಡಿಗರಿಗೆ ರೈಲ್ವೇಯವರ ಪರಿಚಯ ಎಂದರೆ ಏನೆಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ರಜೆ ಬಂತೆಂದರೆ ಎಲ್ಲರೂ ಊರಿಗೆ ಹೊರಡುವವರೇ. ಎಲ್ಲರ ಟಿಕೆಟ್ಟೂ ವೇಯ್ಟಿಂಗ್ ಲಿಸ್ಟೇ. ಟಿಕೆಟ್ಟಿನ ಪಿ.ಎನ್.ಆರ್. ನಂಬರನ್ನು ಚೀಟಿಯಲ್ಲಿ ಬರೆದುಕೊಂಡು, ರೈಲ್ವೇಯಲ್ಲಿರುವ ಯಾರದಾದರೂ ಬಾಗಿಲು ತಟ್ಟಿ, "ಒಂದು ಮಾತು ಹೇಳಿಸಿ, ಬರ್ತ್ ಸಿಗೋ ಹಾಗೆ ಮಾಡಿ" ಎಂದು ಕೈಮುಗಿಯುವುದು ಇಲ್ಲಿ ಹಬ್ಬಹುಣ್ಣಿಮೆಯಷ್ಟೇ ಕ್ರಮಬದ್ಧವಾದ ಆಚಾರ. ಹೋಳಿಗೆ ಊಟದ ಕೈ ಒಣಗುವ ಮೊದಲೇ ವಿಷ್ಣುತೀರ್ಥರು ಅಂಗಿಯ ಜೇಬಿನಿಂದ ಚೀಟಿ ತೆಗೆದರು.

"ಪ್ರಸಾದರೇ, ವೇಯ್ಟಿಂಗ್ ಲಿಸ್ಟ್ ಒಂಬತ್ತು. ನಿಮ್ಮ ಮಗಳಿಗೆ ಹೇಳಿ ಸ್ವಲ್ಪ ನೋಡಬೇಕು."

ಇಲ್ಲ ಎನ್ನಲು ಕೃಷ್ಣಪ್ರಸಾದರಿಗೆ ಹುಟ್ಟಿನಿಂದಲೇ ಬರುವುದಿಲ್ಲ. ಚೀಟಿ ಇಸಿದುಕೊಂಡು, "ಹೇಳ್ತೀನಿ" ಎಂದರು. ಮನೆಗೆ ಬಂದು ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದರು. ಅವರು ಮಾಡಿದ ಕೆಲಸ ಅಷ್ಟೇ. ಒಂಬತ್ತನೇ ನಂಬರೆಂದರೆ ತಾನಾಗಿಯೇ ಬರ್ತ್ ಸಿಗುವಂಥದ್ದು. ಎಲ್ಲೋ ಒಂಬತ್ತು ಜನಕ್ಕೆ ನೆಗಡಿಯಾಗಿ ಪ್ರಯಾಣ ನಿಂತರೆ ಸಾಕು. ಸಿಕ್ಕಿತು. ವಿಷ್ಣುತೀರ್ಥರು ಮೈಸೂರಿನಿಂದ ಒಂದು ಸೇರು ಮೈಸೂರು ಪಾಕು ತಂದು, "ನಿಮ್ಮ ಮಗಳ ಕೈಗುಣ!" ಎಂದು ಕೊಟ್ಟು ಹೋದರು.

ಆಮೇಲೆ ಚೀಟಿಗಳು ಊರಾಚೆಯ ಪೋರೂರಿನಿಂದಲೂ ಬರತೊಡಗಿದವು. ವೇಯ್ಟಿಂಗ್ ಲಿಸ್ಟ್ ಹದಿನಾಲ್ಕು, ಆರು, ಹನ್ನೆರಡು. ಎಲ್ಲವೂ ಪಟದ ಹಿಂದೆ ಹೋದವು, ಎಲ್ಲಕ್ಕೂ ಬರ್ತ್ ಸಿಕ್ಕಿತು. ಕೋಡುಬಳೆ, ಹುರಿಗಾಳು, ನಂಜನಗೂಡಿನ ರಸಬಾಳೆ ಮನೆ ತುಂಬಿದವು. ಪಟ ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಬಂದು ದೇವರು ಬಗ್ಗಿ ನೋಡುವಂತಾಯಿತು.

"ಇದೆಲ್ಲಾ ಏನಮ್ಮಾ, ಯಾರು ಕೊಟ್ಟಿದ್ದು?" ಎಂದು ಮಧುರಾ ಕೇಳಿದರೆ ಅವಳ ತಾಯಿ ಅಂಬುಜಾ ಗಂಡನ ಕಡೆ ಕೈ ತೋರಿಸುತ್ತಿದ್ದರು. ಗಂಡ ಪೇಪರಿನೊಳಗೆ ಮುಖ ಮರೆಸಿ, "ಆಫೀಸಿನವರು" ಎನ್ನುತ್ತಿದ್ದರು.

ಅಂಬುಜಾ ನನ್ನೆದುರಿಗೇ ಒಂದು ದಿನ ಗಂಡನಿಗೆ ಹೇಳಿದರು: "ನಾನಂತೂ ಬಾಯಿ ಬಿಡೋದಿಲ್ಲ. ನಿಮ್ಮ ಬಾಯಿಂದ ಹೊರಟ ರೈಲು, ನೀವೇ ಎಳ್ಕೊಂಡು ಹೋಗಿ."

ಇತ್ತ ಮಧುರಾಳ ಚಿತ್ರ ನೆಟ್ಟಗಿರಲಿಲ್ಲ. ಒಂದೂವರೆ ತಿಂಗಳು ನಿದ್ದೆಗೆಟ್ಟು ತೆಗೆದದ್ದನ್ನು ನೋಡಿ ಅವಳ ಮೇಷ್ಟರು, "ಜನ ಮಲಗಿರೋದು ಕಾಣ್ತದೆ, ಜನ ಕಾಣೋದಿಲ್ಲ. ಹೀಗೇ ತೋರಿಸಿದರೆ ಪರೀಕ್ಷಕರೂ ಮಲಗ್ತಾರೆ, ನೀನು ಫೇಲಾಗ್ತೀಯ" ಎಂದಿದ್ದರಂತೆ. ಬೋಗಿಯೊಳಗೆ ಚಿತ್ರ ತೆಗೆಯಲು ಇದ್ದ ಅನುಮತಿ ಮೇ ಕೊನೆಯ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಇನ್ನುಳಿದದ್ದು ಒಂದೇ ರಾತ್ರಿ. ಮೆಟ್ಟಿಲ ಮೇಲೆ ಸಿಕ್ಕಿದಾಗ ನನಗೆ ಇದನ್ನು ಹೇಳಿ, "ಅಂಕಲ್, ಅಪ್ಪ ಒಂದ್ಸಲನಾದ್ರೂ ನೋಡಿದ್ರೆ ಚೆನ್ನಾಗಿತ್ತು. ಮೂರು ಸಲ ಕರೆದೆ" ಎಂದಳು. ಅಪ್ಪನ ಸುಳ್ಳು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ.

ಅದೇ ಶುಕ್ರವಾರಕ್ಕೆ ಜಯಲಕ್ಷ್ಮಮ್ಮನವರ ಚೀಟಿ ಬಂತು. ಮೈಸೂರಿನಲ್ಲಿ ಮೊಮ್ಮಗಳು ರಚನಾಳ ಸೀಮಂತ. ತವರಿನ ಕಡೆಯಿಂದ ಹನ್ನೊಂದು ಜನ, ಹನ್ನೊಂದು ತಟ್ಟೆ. ಗಂಡಸರು ಸಾಲದೆಂದು ಹನ್ನೊಂದರಲ್ಲಿ ನನ್ನನ್ನೂ ಕೇಳದೆಯೇ ಸೇರಿಸಿದ್ದರು. ವೇಯ್ಟಿಂಗ್ ಲಿಸ್ಟ್ ಅರವತ್ತೊಂದರಿಂದ ಎಪ್ಪತ್ತೊಂದು.

"ಅರವತ್ತೊಂದಾ!" ಎಂದು ಕೃಷ್ಣಪ್ರಸಾದರು ಕುರ್ಚಿ ಹಿಡಿದುಕೊಂಡರು.

"ಅದಕ್ಕೇ ಅಲ್ವೇನಪ್ಪಾ ನಿನ್ನ ಹತ್ರ ಬಂದಿದ್ದು? ಒಂಬತ್ತು ಹತ್ತು ಆದ್ರೆ ಯಾರು ಬೇಕಾದ್ರೂ ಮಾಡ್ತಾರೆ. ಆಫೀಸರಮ್ಮನಿಗೆ ಸೊಲ್ಲು, ಸರಿಯಾ?" ಎಂದು ಜಯಲಕ್ಷ್ಮಮ್ಮ ಅರ್ಧ ತಮಿಳಿನಲ್ಲಿ ಅಪ್ಪಣೆ ಕೊಡಿಸಿ ಹೊರಟರು.

ಇದು ಪಟದ ಹಿಂದೆ ಸಿಕ್ಕಿಸಿ ಆಗುವ ಕೆಲಸವಲ್ಲವೆಂದು ಕೃಷ್ಣಪ್ರಸಾದರಿಗೂ ತಿಳಿಯಿತು. ಗುರುವಾರ ರಜೆ ಹಾಕಿ, ನನ್ನಿಂದಲೂ ರಜೆ ಹಾಕಿಸಿ, ತುರ್ತು ಕೋಟಾದ ಅರ್ಜಿ ತೆಗೆದುಕೊಳ್ಳುವ ಕಚೇರಿಗೆ ಹೊರಟರು. ಅಲ್ಲಿ ಮೇಜಿನ ಹಿಂದೆ ಪತ್ರಗಳ ಗುಡ್ಡೆ, ಗುಡ್ಡೆಯ ಹಿಂದೆ ಒಬ್ಬ ಸಣ್ಣ ಅಧಿಕಾರಿ. ನಮ್ಮ ಮಾತು ಕೇಳಿ ಕನ್ನಡ ಬಲ್ಲ ಆತ ಕನ್ನಡದಲ್ಲೇ ವಿಚಾರಿಸಿದರು.

"ಮಗಳು ರೈಲ್ವೇನಲ್ಲೇ ಅಂತೀರಿ. ಯಾವ ವಿಭಾಗ ಸಾರ್?"

ಈ ಪ್ರಶ್ನೆಗೆ ತಯಾರಿ ಇರಲಿಲ್ಲ. "ರಾತ್ರಿ ವಿಭಾಗ" ಎಂದರು ಕೃಷ್ಣಪ್ರಸಾದರು.

"ರಾತ್ರಿ ವಿಭಾಗಾನಾ? ಏನು ಕೆಲಸ?"

"ಮೈಸೂರು ಗಾಡಿ ಹತ್ತುತಾಳೆ. ಯಾರು ಎಲ್ಲಿ ಮಲಗಿದಾರೆ, ಯಾರು ಯಾರ ಬರ್ತ್‌ನಲ್ಲಿದಾರೆ, ಎಲ್ಲಾ ನೋಡ್ತಾಳೆ. ರಾತ್ರಿಯೆಲ್ಲಾ ನಿದ್ದೆ ಮಾಡೋದಿಲ್ಲ. ಕ್ಯಾಮೆರಾದಲ್ಲಿ ತೆಗೆದು ಮೇಲಿನವರಿಗೆ ತೋರಿಸ್ತಾಳೆ."

ಅಧಿಕಾರಿ ಎದ್ದು ನಿಂತರು. "ವಿಜಿಲೆನ್ಸಾ ಸಾರ್?" ಎಂದು ಮೆಲ್ಲಗೆ ಕೇಳಿದರು.

ಕೃಷ್ಣಪ್ರಸಾದರು ಮಾತಾಡಲಿಲ್ಲ. ಮಾತಾಡಲು ಭಯ. ಆ ಮೌನಕ್ಕೆ ಕಚೇರಿಯಲ್ಲಿ ಬಹಳ ಬೆಲೆ ಬಂತು. ನಮಗೆ ಕುರ್ಚಿ ಬಂತು, ಡಬರಾ ಲೋಟದಲ್ಲಿ ಕಾಫಿ ಬಂತು. ಅಧಿಕಾರಿ ಒಳಗೆ ಹೋಗಿ ತಮ್ಮ ಮೇಲಿನವರೊಡನೆ ಮಾತಾಡಿದ್ದು ಮರದ ತಡಿಕೆಯಾಚೆಯಿಂದ ನಮಗೆ ಸ್ಪಷ್ಟವಾಗಿ ಕೇಳಿಸಿತು. ಅದರ ಸಾರಾಂಶ ಇಷ್ಟು: ವಿಜಿಲೆನ್ಸಿನ ಹೆಂಗಸು ತಂದೆಯನ್ನೇ ಕಳಿಸಿ ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾಳೆ; ಇವರಿಗೆ ಒಂದೇ ಒಂದು ಬರ್ತ್ ಕೊಟ್ಟರೂ ನಾವು ಕೆಟ್ಟೆವು; ಕಾಫಿ ಕೊಟ್ಟು ಕಳಿಸಿ.

ಆತ ಹೊರಗೆ ಬಂದು, "ಸಾರ್, ನಾವು ನಿಯಮ ಬಿಟ್ಟು ಏನೂ ಮಾಡೋದಿಲ್ಲ. ದಯವಿಟ್ಟು ಇದನ್ನ ಮಗಳಿಗೆ ತಿಳಿಸಿ" ಎಂದು ಕೈಮುಗಿದರು. ಕೃಷ್ಣಪ್ರಸಾದರು ಕಾಫಿ ಚೆನ್ನಾಗಿತ್ತೆಂದು ಹೇಳಿ ಎದ್ದರು.

ಶುಕ್ರವಾರ ರಾತ್ರಿ ಒಂಬತ್ತಕ್ಕೆ ಸೆಂಟ್ರಲ್ ನಿಲ್ದಾಣ. ಕೃಷ್ಣಪ್ರಸಾದರು ನಮ್ಮನ್ನು ಗಾಡಿ ಹತ್ತಿಸಲು ಬಂದಿದ್ದರು. ಬೋಗಿಗೆ ಅಂಟಿಸಿದ್ದ ಪಟ್ಟಿಯಲ್ಲಿ ಹನ್ನೊಂದು ಜನರ ಪೈಕಿ ಮೂವರಿಗೆ ಮಾತ್ರ ಬರ್ತ್ ಇತ್ತು, ಅದೂ ಎಸ್-7ರಲ್ಲಿ. ಪಟ್ಟಿ ನೋಡಿ ನಿಜ ಹೇಳಬೇಕೆಂದು ಕೃಷ್ಣಪ್ರಸಾದರು ಬಾಯಿ ತೆರೆದರು. ಜಯಲಕ್ಷ್ಮಮ್ಮ ಅವರ ಕೈಗೆ ಮಲ್ಲಿಗೆ ಮೊಗ್ಗಿನ ಜಡೆಯ ತಟ್ಟೆ ಕೊಟ್ಟು, "ನಿಂತ್ಕೊಂಡು ಏನು ನೋಡ್ತೀಯಾ, ಒಳಗೆ ಇಡು, ಸೀಕ್ರಂ!" ಎಂದರು. ಅವರು ಒಳಗೆ ಇಟ್ಟರು. ಹೊರಗೆ ಬಂದರೆ ಇನ್ನೊಂದು ತಟ್ಟೆ. ಹಸಿರು ಬಳೆ, ಕಜ್ಜಾಯ, ಚಕ್ಕುಲಿ, ಬಾಗಿಲಿಗೂ ಬರ್ತಿಗೂ ಒಂಬತ್ತು ಸಲ ಓಡಾಡಿದರು. ಹತ್ತನೆಯ ತಟ್ಟೆ ಇಡುವಾಗ ಕಿಟಕಿಯಾಚೆ ಕಾಫಿ ಅಂಗಡಿ ಹಿಂದಕ್ಕೆ ಹೋಗಲಾರಂಭಿಸಿತು.

"ಮಂಜುನಾಥ್! ಗಾಡಿ ಹೊರಟಿತು!" ಎಂದು ನನ್ನ ತೋಳು ಹಿಡಿದರು.

"ನಮಗೆ ಬೇಕಾದ್ದೂ ಅದೇ ಅಲ್ವಾ?" ಎಂದೆ.

"ನನಗೆ ಟಿಕೆಟ್ ಇಲ್ಲರೀ!"

ಇಳಿಯಲು ಬಾಗಿಲಿಗೆ ಓಡಿದರೆ ಬಾಗಿಲಲ್ಲಿ ಕರಿ ಕೋಟಿನ ಟಿಟಿಇ. ಹಿಂದಕ್ಕೆ ತಿರುಗಿದರೆ, ಬೋಗಿಯ ಆ ತುದಿಯಿಂದ ಹೆಗಲ ಮೇಲೆ ಕ್ಯಾಮೆರಾ ಇಟ್ಟುಕೊಂಡು ಮಧುರಾ ಬರುತ್ತಿದ್ದಾಳೆ. ಪಕ್ಕದಲ್ಲಿ ಮೈಕು ಹಿಡಿದ ಸಹಪಾಠಿ ರಮೇಶ್. ಆ ಕಡೆ ಮಗಳು, ಈ ಕಡೆ ಟಿಟಿಇ, ನಡುವೆ ವಿಮಾ ಕಂಪನಿಯಲ್ಲಿ ಇಪ್ಪತ್ತೆಂಟು ವರ್ಷ ಕಳಂಕವಿಲ್ಲದೆ ದುಡಿದ ಮನುಷ್ಯ, ಕೈಯಲ್ಲಿ ಕೋಡುಬಳೆಯ ತಟ್ಟೆ.

ಟಿಟಿಇ ವಿಘ್ನೇಶ್ ಆ ಮಾರ್ಗದಲ್ಲಿ ಹದಿನೈದು ವರ್ಷ ಓಡಾಡಿದವರು. ತಮಿಳು ಕನ್ನಡ ಎರಡನ್ನೂ ಕಲಸಿ ಮಾತಾಡುತ್ತಿದ್ದರು. "ಎನ್ನ ಸಾರ್ ಇದು, ದಾರಿ ತುಂಬಾ ತಟ್ಟೆ! ಟಿಕೆಟ್ ತೋರಿಸಿ."

ಕೃಷ್ಣಪ್ರಸಾದರು ಕೋಡುಬಳೆಯ ತಟ್ಟೆಯನ್ನೇ ಮುಂದೆ ಚಾಚಿದರು.

ಜಯಲಕ್ಷ್ಮಮ್ಮ ಮಧ್ಯದ ಬರ್ತಿನ ಕೆಳಗಿನಿಂದ ತಲೆ ಹೊರಗೆ ಹಾಕಿ ಗದರಿದರು. "ಅವರನ್ನ ಟಿಕೆಟ್ ಕೇಳ್ತೀಯೇನಪ್ಪಾ? ಆಫೀಸರ ತಂದೆ ಅವರು! ನಮ್ಮ ಉಳಿದ ಎಂಟು ಬರ್ತ್ ಎಲ್ಲಿ, ಅದನ್ನ ಹೇಳು ಮೊದಲು!"

"ಯಾವ ಆಫೀಸರು?"

"ನಿಮ್ಮ ರೈಲ್ವೇ ಆಫೀಸರು! ಅಗೋ, ಬಂದೇ ಬಿಟ್ಳಲ್ಲ! ಬಾಮ್ಮಾ ಆಫೀಸರಮ್ಮಾ, ಇವನಿಗೆ ಸ್ವಲ್ಪ ಹೇಳು!"

ಎಲ್ಲರೂ ತಿರುಗಿದರು. ಮಧುರಾ ಅಲ್ಲೇ ನಿಂತಳು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು.

ವಿಘ್ನೇಶ್ ಒಂದು ಕ್ಷಣ ಅವಳನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ಮಧುರಾ! ಈ ಗಾಡೀಲಿ ವಿಜಿಲೆನ್ಸ್ ಲೇಡಿ ಇದಾರೆ ಅಂತ ಫೋನ್ ಬಂದು ನಿನ್ನೆಯಿಂದ ನಾನು ಸರಿಯಾಗಿ ಊಟ ಮಾಡಿಲ್ಲ. ಅದು ನೀನಾಮ್ಮಾ?" ಎಂದು ಜಯಲಕ್ಷ್ಮಮ್ಮನವರ ಕಡೆ ತಿರುಗಿದರು. "ಇಲ್ಲ ಪಾಟಿ, ಇವಳು ಆಫೀಸರಲ್ಲ. ಸಿನಿಮಾ ತೆಗೆಯೋ ಹುಡುಗಿ. ಒಂದೂವರೆ ತಿಂಗಳಿಂದ ನನ್ನ ಪಾಲಿನ ಟೀ ಕುಡೀತಿದಾಳೆ."

ಸೀಮಂತಕ್ಕೆ ಹೊರಟ ದಿಬ್ಬಣ ಕೃಷ್ಣಪ್ರಸಾದರನ್ನು ನೋಡಿತು. ಎದುರು ಬರ್ತಿನವರು, ಪಕ್ಕದ ಬರ್ತಿನವರು, ಮೇಲಿನ ಬರ್ತಿನಲ್ಲಿ ಆಗಲೇ ಗೊರಕೆ ಶುರುಮಾಡಿದ್ದವರು ಕೂಡ ಎದ್ದು ನೋಡಿದರು. ನಾನು ತಲೆ ತಗ್ಗಿಸಿದೆ, ಏಕೆಂದರೆ ಮಧುರಾ ನನ್ನ ಕಡೆಯೂ ನೋಡಿದಳು.

ಅವಳಿಗೆ ಎಲ್ಲಾ ಅರ್ಥವಾಯಿತು. ಕೋಡುಬಳೆಯೂ, ರಸಬಾಳೆಯೂ, ಪೇಪರಿನ ಹಿಂದಿನ ಮುಖವೂ. ಕಣ್ಣು ತುಂಬಿ ಬಂದದ್ದು ನನಗೆ ಕಂಡಿತು. ರಮೇಶ್ ಕ್ಯಾಮೆರಾ ನಿಲ್ಲಿಸಲೆಂದು ಕೈ ಚಾಚಿದ. ಅವಳು ಅವನ ಕೈ ತಳ್ಳಿದಳು. ಬೋಗಿಯಲ್ಲಿ ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆಗಳನ್ನೇ ಅಪ್ಪನಿಗೂ ಕೇಳಿದಳು.

"ನಿಮ್ಮ ಹೆಸರು?"

"ಮಧುರಾ, ಇದು..."

"ಹೆಸರು ಹೇಳಿ."

"ಕೃಷ್ಣಪ್ರಸಾದ."

"ಎಲ್ಲಿಗೆ ಹೋಗ್ತಿದೀರಿ?"

"ಎಲ್ಲಿಗೂ ಇಲ್ಲ. ತಟ್ಟೆ ಇಡೋದಕ್ಕೆ ಬಂದೆ, ಗಾಡಿ ಹೊರಟೋಯ್ತು."

ಯಾರೋ ನಕ್ಕರು. ಮಧುರಾ ನಗಲಿಲ್ಲ. "ನಿಮ್ಮ ಮಗಳು ಏನು ಮಾಡ್ತಾಳೆ?" ಎಂದು ಕೇಳಿದಳು.

ಗಾಡಿ ಪೆರಂಬೂರು ದಾಟುತ್ತಿತ್ತು. ಕೃಷ್ಣಪ್ರಸಾದರು ತಟ್ಟೆಯನ್ನು ನನ್ನ ಕೈಗೆ ಕೊಟ್ಟರು, ಕನ್ನಡಕ ತೆಗೆದು ಒರೆಸಿಕೊಂಡರು. ಪೆಟ್ಟಿಗೆಗಳ ನಡುವೆ ನೆಟ್ಟಗೆ ನಿಲ್ಲಲು ಜಾಗ ಹುಡುಕಿ ನಿಂತರು.

"ನನ್ನ ಮಗಳು ಸಿನಿಮಾ ತೆಗೀತಾಳೆ. ರೈಲ್ವೇನಲ್ಲಿಲ್ಲ. ರೈಲ್ವೇ ಅಂತ ನಾನು ಹೇಳಿದ್ದು ಸುಳ್ಳು. ಸಿನಿಮಾ ಅಂದ್ರೆ ಜನ ಅಯ್ಯೋ ಪಾಪ ಅಂತ ನನ್ನ ಮುಖ ನೋಡ್ತಾರೆ ಅಂತ ಹೆದರಿದೆ. ಒಂದೂವರೆ ತಿಂಗಳು ಅವಳು ನಿದ್ದೆಗೆಟ್ಟಳು, ನಾನು ಅವಳ ಹೆಸರು ಹೇಳ್ಕೊಂಡು ಬಾಳೆಹಣ್ಣು ತಿಂದೆ. ಅವಳ ಚಿತ್ರ ಚೆನ್ನಾಗಿದೆಯೋ ಇಲ್ವೋ ನನಗೆ ಗೊತ್ತಿಲ್ಲ. ಮೂರು ಸಲ ಕರೆದಳು, ನಾನು ನೋಡಲಿಲ್ಲ. ನಾನು ಅವಳ ಅಪ್ಪ. ಇದನ್ನ ಈ ಬೋಗೀಲಿರೋ ಎಲ್ಲರಿಗೂ ಹೇಳ್ತಿದೀನಿ, ಮೇಲಿನ ಬರ್ತ್‌ನೋರಿಗೂ."

ಮೊದಲು ಬಾಯಿ ಬಿಟ್ಟವರು ಜಯಲಕ್ಷ್ಮಮ್ಮ. ಅವರು ಹಣೆ ಚಚ್ಚಿಕೊಂಡರು.

"ಅಯ್ಯೋ ಪ್ರಸಾದು! ಸಿನಿಮಾನಾ? ಮೊದ್ಲೇ ಹೇಳಬಾರದಾಗಿತ್ತಾ! ರಚನಾ ಸೀಮಂತಕ್ಕೆ ಆ ವಿಡಿಯೋದವನಿಗೆ ಅಡ್ವಾನ್ಸ್ ಕೊಟ್ಬಿಟ್ಟೆನಲ್ಲಾ! ರೈಲ್ವೇನೋರು ಬೇಕಾದಷ್ಟು ಜನ ಸಿಕ್ತಾರೆ, ಸಿನಿಮಾ ತೆಗೆಯೋ ಹೆಣ್ಣುಮಗು ಯಾರ ಮನೇಲಿದೆ ಹೇಳು! ಇರು ಮಧುರಾ, ಈಗ ತೆಗೆದದ್ರಲ್ಲಿ ನಾನು ಬಿದ್ದಿದೀನಾ? ತಲೆ ಬಾಚಿರಲಿಲ್ಲ. ಇನ್ನೊಂದ್ಸಲ ತೆಗಿ. ಪ್ರಸಾದು, ನೀನು ಮತ್ತೆ ಮೊದಲಿಂದ ಹೇಳು."

ಆಗ ಮಧುರಾ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು, "ಬೇಡ ಅಜ್ಜಿ, ಇನ್ನೊಂದ್ಸಲ ಹೇಳಿದ್ರೆ ಅಪ್ಪ ಬೇರೆ ಹೇಳ್ತಾರೆ" ಎಂದಳು.

ವಿಘ್ನೇಶ್ ನಿಯಮದ ಮನುಷ್ಯ. ದಂಡದ ರಸೀತಿ ಬರೆದು ಕೃಷ್ಣಪ್ರಸಾದರ ಕೈಗಿಟ್ಟರು. ಮುಂದೆ ಎಲ್ಲೂ ಇಳಿಯಬೇಡಿ, ಮೈಸೂರಿನ ತನಕ ಟಿಕೆಟ್ ಮಾಡಿದೀನಿ, ಮಗಳ ಕೆಲಸ ನೋಡಿಕೊಂಡು ಬನ್ನಿ ಎಂದರು. ಮಧುರಾ, ರಮೇಶ್ ತಮ್ಮ ಎರಡು ಬರ್ತನ್ನು ಮುದುಕಿಯರಿಗೆ ಬಿಟ್ಟರು. ಹಾಗೆ ಬಿಟ್ಟದ್ದನ್ನು ನೋಡಿ ಎದುರಿನ ಸೇಲಂ ದಂಪತಿ ಒಂದೇ ಬರ್ತಿಗೆ ಸರಿದುಕೊಂಡರು. ಮೇಲಿನ ಗೊರಕೆಯವರು ಕಾಲು ಮಡಚಿ ಅರ್ಧ ಬರ್ತ್ ದಾನ ಮಾಡಿದರು. ಉಳಿದವರು ದಾರಿಯಲ್ಲಿ ಸೀರೆ ಹಾಸಿದರು. ಇಷ್ಟಾದ ಮೇಲೆ ಕಜ್ಜಾಯದ ತಟ್ಟೆ ಬಿಚ್ಚದೆ ಇರಲು ಯಾರಿಂದಲೂ ಆಗಲಿಲ್ಲ. ಇಡೀ ಎಸ್-7ಕ್ಕೆ ಸೀಮಂತದ ಊಟ. ಯಾರೋ ಹಾಡಿದರು. ಗೊರಕೆಯವರು ತಮ್ಮ ಹೆಂಡತಿಯ ಮೊದಲ ಹೆರಿಗೆಯ ಕಥೆ ಹೇಳಿ ಅತ್ತರು. ಮಧುರಾ ಕಾಟ್ಪಾಡಿಯಾದ ಮೇಲೂ ಕ್ಯಾಮೆರಾ ಕೆಳಗಿಡಲಿಲ್ಲ. ಅವಳು ಹೋದಲ್ಲೆಲ್ಲ ಹಿಂದೆ ಬ್ಯಾಟರಿಯ ಚೀಲ ಹೊತ್ತು ಕೃಷ್ಣಪ್ರಸಾದರು ಹೋದರು, ಮಲಗಿದವರ ಕೈಕಾಲು ತುಳಿಯುತ್ತಾ, ಪ್ರತಿಯೊಬ್ಬರಿಗೂ ಕ್ಷಮೆ ಕೇಳುತ್ತಾ. ಮೈಸೂರಿಗೆ ತಲುಪಿದಾಗ ಹನ್ನೊಂದು ತಟ್ಟೆಯಲ್ಲಿ ಏಳು ಉಳಿದಿದ್ದವು. ಬೀಗರಿಗೆ ಜಯಲಕ್ಷ್ಮಮ್ಮ ಏನು ಸಮಜಾಯಿಷಿ ಹೇಳಿದರೋ ನಾನು ಕೇಳಲು ನಿಲ್ಲಲಿಲ್ಲ.

ಜೂನ್ ಕೊನೆಯಲ್ಲಿ ಪರೀಕ್ಷಕರೆದುರು ಚಿತ್ರ ತೋರಿಸುವ ದಿನ ಬಂತು. ಸಂಘದವರೆಲ್ಲ ವ್ಯಾನು ಮಾಡಿಕೊಂಡು ಹೋದೆವು. ಮೂವರು ಪರೀಕ್ಷಕರೂ ಅವಳನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದರು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಗಲಾಟೆಯಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ.

ಚಿತ್ರದಲ್ಲಿ ಮಾತಾಡುವ ಪ್ರತಿಯೊಬ್ಬರ ಕೆಳಗೂ ಅವರ ಹೆಸರು, ಬರ್ತಿನ ನಂಬರು ಕಾಣಿಸುತ್ತಿತ್ತು. ಜಯಲಕ್ಷ್ಮಮ್ಮ, ಬರ್ತ್ ಇಪ್ಪತ್ತೈದು. ಅವರು ತಮ್ಮನ್ನು ತಾವೇ ನೋಡಿ ಚಪ್ಪಾಳೆ ತಟ್ಟಿದರು. ವಿಘ್ನೇಶ್, ಟಿಟಿಇ. ಕೊನೆಗೆ ಪರದೆಯ ತುಂಬ ಕೃಷ್ಣಪ್ರಸಾದರ ಮುಖ, ಕನ್ನಡಕ ಒರೆಸುತ್ತಿರುವ ಕೈ. ಕೆಳಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಕ್ಷರ ಮೂಡಿತು:

"ಕೃಷ್ಣಪ್ರಸಾದ. ಟಿಕೆಟ್ ಇಲ್ಲ, ಬರ್ತ್ ಇಲ್ಲ. ನಿರ್ದೇಶಕಿಯ ತಂದೆ."

ಹಾಲಿನ ತುಂಬ ನಗು. ಕೃಷ್ಣಪ್ರಸಾದರು ಎದ್ದು ನಿಂತರು. ಪರದೆಯ ಬೆಳಕು ಅವರ ತಲೆಗೆ ತಾಗಿ ಅರ್ಧ ಚಿತ್ರ ಅವರ ನೆರಳಿನಲ್ಲಿ ಮುಚ್ಚಿಹೋಯಿತು. "ಸಾರ್, ಉಕ್ಕಾರುಂಗೋ! ಮರೈಕ್ಕಿದು ಸಾರ್!" ಎಂದು, ಕೂತುಕೊಳ್ಳುವಂತೆ ಹಿಂದಿನಿಂದ ಯಾರೋ ತಮಿಳಿನಲ್ಲಿ ಕೂಗಿದರು. ನಾನು ಅಂಗಿ ಹಿಡಿದು ಎಳೆದೆ. ಪರೀಕ್ಷಕರು ಮೂವರೂ ತಿರುಗಿ ನೋಡಿದರು. ಅಂಬುಜಾ ಮಾತ್ರ ಎಳೆಯಲಿಲ್ಲ.

ಕೃಷ್ಣಪ್ರಸಾದರು ಯಾರ ಮಾತನ್ನೂ ಕೇಳದೆ ಹಿಂದಕ್ಕೆ ತಿರುಗಿ, ಆ ಕತ್ತಲಲ್ಲಿ ಕೂತಿದ್ದವರಿಗೆಲ್ಲ ಎರಡೂ ಕೈ ಮುಗಿದು, ಪರದೆಯ ಮೇಲೆ ಇಷ್ಟು ದೊಡ್ಡದಾಗಿ ಬರೆದಿದ್ದದ್ದು ಯಾರಿಗೂ ಕಾಣಿಸಿಲ್ಲವೇನೋ ಎಂಬಂತೆ, ಇನ್ನೊಂದು ಸಲ ಬಾಯಿಬಿಟ್ಟು ಹೇಳಿದರು: "ನನ್ನ ಮಗಳು."